ತಂಪು ಗಾಳಿಯ ಹರಿವು ಮತ್ತು ತಗ್ಗಿನ ಬೆಳೆ

ನೀಲಗಿರಿ ಬೆಟ್ಟಗಳಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೆಲವು ದಿನ ಮುಂಜಾನೆ ನೆಲದ ಮೇಲೆ ಬಿಳಿ ಹಿಮ ಕಟ್ಟುತ್ತದೆ. ತಗ್ಗಿನಲ್ಲಿರುವ ಚಹಾ ಗಿಡಗಳ ಚಿಗುರು ಸುಟ್ಟಂತೆ ಕಂದುತ್ತದೆ. ಅದೇ ಗುಡ್ಡದ ಇಳಿಜಾರಿನ ಗಿಡಗಳು ಹಸಿರಾಗಿಯೇ ಉಳಿಯುವುದುಂಟು. ಮೇಲೇರಿದಂತೆ ಚಳಿ ಹೆಚ್ಚುವುದು ಸಾಮಾನ್ಯ. ಹೀಗಿರುವಾಗ ತಗ್ಗಿನ ಬೆಳೆಯೇ ಮೊದಲು ಕೆಡುವುದೇಕೆ?

ಕಾರಣವೇನು?

ಮೋಡವಿಲ್ಲದ, ಗಾಳಿ ಬೀಸದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಂ. ಉಷ್ಣತೆಯ ಒಂದು ಘನಮೀಟರ್ ಒಣಗಾಳಿ ಸುಮಾರು 1.20 ಕಿ.ಗ್ರಾಂ. ತೂಗಿದರೆ, 0 ಡಿಗ್ರಿಯಲ್ಲಿ ಅದು ಸುಮಾರು 1.29 ಕಿ.ಗ್ರಾಂ. ತೂಗುತ್ತದೆ. ಇಳಿಜಾರಿನಲ್ಲಿ ಇದಕ್ಕಿಂತ ಕಡಿಮೆ ವ್ಯತ್ಯಾಸವೂ ಗಾಳಿಯನ್ನು ಕೆಳಕ್ಕೆ ಹರಿಸಲು ಸಾಕು. ಈ ಗಾಳಿ ತೆಳು ಪದರವಾಗಿ, ನಿಧಾನವಾಗಿ, ನೀರಿನಂತೆ ತಗ್ಗನ್ನು ಹುಡುಕಿಕೊಂಡು ಇಳಿಯುತ್ತದೆ. ಹೊರಹೋಗಲು ದಾರಿಯಿಲ್ಲದ ಕಡೆ ಕೆರೆಯಂತೆ ನಿಲ್ಲುತ್ತದೆ. ಅದರ ಮೇಲಿನ ಗಾಳಿ ಬೆಚ್ಚಗಿರುವುದರಿಂದ ಇಳಿಜಾರಿನ ನಡುಭಾಗದ ಬೆಳೆ ಪಾರಾಗುತ್ತದೆ.

ಬೇಸಾಯಗಾರರು ಗಮನಿಸಬೇಕಾದ ಅಂಶಗಳು

1. ಸಂಜೆ ಗಾಳಿ ನಿಂತ ಮೇಲೆ ಸ್ವಲ್ಪ ಹೊಗೆ ಹಾಕಿ ನೋಡಿದರೆ ಹರಿವಿನ ದಿಕ್ಕು ತಿಳಿಯುತ್ತದೆ.

2. ಹೊಲದ ಕೆಳಅಂಚಿನಲ್ಲಿ ದಟ್ಟವಾದ ಬೇಲಿ ಅಥವಾ ಎತ್ತರದ ಗೋಡೆ ಇದ್ದರೆ ತಂಪು ಗಾಳಿ ಅದರ ಹಿಂದೆ ತುಂಬಿ ನಿಲ್ಲುತ್ತದೆ. ಅಲ್ಲಿ ಬುಡದ ಕೊಂಬೆಗಳನ್ನು ಸವರಿ ಗಾಳಿಗೆ ದಾರಿ ಮಾಡಬೇಕು. ಆ ಗಾಳಿ ಕೆಳಗಿನ ನೆರೆಯವರ ಬೆಳೆಗೆ ನುಗ್ಗದಂತೆಯೂ ನೋಡಿಕೊಳ್ಳಬೇಕು.

3. ಹೊಲದ ಮೇಲಂಚಿನಲ್ಲಿ ಓರೆಯಾಗಿ ಬೆಳೆಸಿದ ದಟ್ಟ ಬೇಲಿ, ಬರುವ ತಂಪು ಗಾಳಿಯನ್ನು ಪಕ್ಕಕ್ಕೆ ತಿರುಗಿಸುತ್ತದೆ.

4. ಒಣಗಿದ ಮಣ್ಣಿಗಿಂತ ಹಸಿ ಮಣ್ಣು ಹಗಲಿನ ಶಾಖವನ್ನು ಹೆಚ್ಚು ಹಿಡಿದಿಡುತ್ತದೆ. ಚಳಿ ಬೀಳುವ ಸೂಚನೆ ಇದ್ದಾಗ ಮುಂಚಿತವಾಗಿ ನೀರು ಕೊಡುವುದು ಒಳ್ಳೆಯದು.

5. ಸಾಲುಗಳ ನಡುವೆ ಹರಡಿದ ಒಣಹುಲ್ಲು ಮಣ್ಣಿನ ಶಾಖ ಮೇಲೆ ಬರದಂತೆ ತಡೆಯುತ್ತದೆ. ಅಂಥ ದಿನಗಳಲ್ಲಿ ಅದನ್ನು ಸರಿಸಿ, ಎಳೆ ಸಸಿಗಳ ಮೇಲೆ ರಾತ್ರಿ ಹೊದಿಸಬಹುದು.

ಈ ಕ್ರಮಗಳಿಂದ ಹಾನಿ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ತಪ್ಪುವುದಿಲ್ಲ. ಚಹಾದಂತಹ ಬಹುವಾರ್ಷಿಕ ಬೆಳೆ ಒಮ್ಮೆ ನೆಟ್ಟರೆ ದಶಕಗಳ ಕಾಲ ಅದೇ ಜಾಗದಲ್ಲಿರುತ್ತದೆ. ಆದ್ದರಿಂದ ನೆಡುವ ಮೊದಲೇ ಒಂದು ಚಳಿಗಾಲ ಜಮೀನನ್ನು ಗಮನಿಸಿ, ಹಿಮ ಕಟ್ಟುವ ತಗ್ಗನ್ನು ಗುರುತಿಸಿ, ಅದನ್ನು ಹುಲ್ಲುಗಾವಲಿಗೆ ಬಿಡುವುದು ಲೇಸು.