ಹೊಗೆ ಕುಡಿದವರ ನಿವೃತ್ತಿವೇತನ

ಬೇಸಿಗೆ ಬಂದಿತೆಂದರೆ ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳಿಂದ ಬಣವೆಗೆ ಬೆಂಕಿ ಬಿದ್ದ ವರ್ತಮಾನಗಳು ಮೇಲಿಂದ ಮೇಲೆ ಬರುತ್ತವೆ. ಅಗ್ನಿಶಾಮಕ ದಳದ ಕೆಂಪು ಬಂಡಿಯು ತುಸು ತಡಮಾಡಿದರೆ ಊರವರು ಸಿಟ್ಟಾಗುತ್ತಾರೆ; ನಾವೂ ಹಾಗೆ ಸಿಟ್ಟಿನಿಂದ ಬರೆದುದುಂಟು. ಬಂಡಿಯು ಬಂದ ಮೇಲೆ ಆ ಭಟರು ಏನು ಮಾಡುತ್ತಾರೆಂಬುದನ್ನು ಕೊನೆಯವರೆಗೆ ನಿಂತು ನೋಡಿದವರು ಮಾತ್ರ ಕಡಿಮೆ. ಕಣಿಕೆಯ ಬಣವೆಯು ಮೇಲೆ ನೀರು ಹೊಯ್ದರೆ ಆರುವಂತಹದಲ್ಲ. ಒಳಗೊಳಗೆ ಉರಿಯುತ್ತಲೇ ಇರುತ್ತದೆ. ಅದನ್ನು ಪದರು ಪದರಾಗಿ ಕೆದರಿ, ನೆಲಕ್ಕೆ ಹರವಿ, ಮತ್ತೆ ತೋಯಿಸಬೇಕು. ಅಷ್ಟು ಹೊತ್ತೂ ಹೊಗೆಯೇ ಹೊಗೆ. ಬೆನ್ನಿಗೆ ಕಟ್ಟುವ ಸಿಲಿಂಡರಿನ ಗಾಳಿಯು ಅರ್ಧ ಇಲ್ಲವೆ ಮುಕ್ಕಾಲು ಗಂಟೆಗೆ ತೀರಿಹೋಗುವುದು. ಬಣವೆಯ ಬೆಂಕಿಯು ತೀರುವುದಿಲ್ಲ.

ಊರೊಳಗಿನ ಬೆಂಕಿ ಇನ್ನೂ ಕೆಟ್ಟದು. ಇಳಕಲ್ಲಿನ ನೇಕಾರನ ಮನೆಯಲ್ಲಿ ರೇಶಿಮೆ ಸುಟ್ಟರಾಗಲಿ, ಬಾಗಲಕೋಟೆಯ ಅಂಗಡಿಯಲ್ಲಿ ಫೋಮಿನ ಗಾದಿ ಸುಟ್ಟರಾಗಲಿ, ಆ ಹೊಗೆಯಲ್ಲಿ ಸಾಯನೈಡಿನ ವಿಷವಾಯು ಬೆರೆತಿರುತ್ತದೆ. ವಿದ್ಯುತ್ ತಂತಿಯ ಹೊದಿಕೆ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹಬೆ ಏಳುತ್ತದೆ. ಇದು ನಮ್ಮ ಊಹೆಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ಮಂಡಲವು 2022ರ ಜೂನಿನಲ್ಲಿ ಲಿಯೋನ್ ನಗರದಲ್ಲಿ ಪಂಡಿತರನ್ನು ಕೂಡಿಸಿ, ಬೆಂಕಿ ಆರಿಸುವ ವೃತ್ತಿಯೇ ಮನುಷ್ಯರಿಗೆ ಅರ್ಬುದಕಾರಕವೆಂದು ನಿರ್ಣಯಿಸಿ, ಅದನ್ನು ಮೊದಲನೆಯ ವರ್ಗಕ್ಕೆ ಸೇರಿಸಿತು. ಶ್ವಾಸಕೋಶದ ಹೊದಿಕೆಗೆ ಬರುವ ಅರ್ಬುದ, ಮೂತ್ರಕೋಶದ ಅರ್ಬುದ, ಇವೆರಡರ ವಿಷಯದಲ್ಲಿ ಸಾಕಷ್ಟು ಪ್ರಮಾಣವಿದೆಯೆಂದು ಹೇಳಿತು.

ಪ್ರತಿ ವರ್ಷ ಎಪ್ರಿಲ್ 14ರಂದು ನಾವು ಅಗ್ನಿಶಾಮಕ ಸೇವಾ ದಿನವನ್ನು ಆಚರಿಸುತ್ತೇವೆ. 1944ರಲ್ಲಿ ಆ ದಿನ ಮುಂಬಯಿ ಬಂದರದಲ್ಲಿ ಹತ್ತಿಯ ಅಂಡಿಗೆಗಳನ್ನೂ ಸ್ಫೋಟಕಗಳನ್ನೂ ಹೊತ್ತ ಹಡಗು ಸಿಡಿದು, ಬೆಂಕಿ ಆರಿಸಹೋದ 66 ಜನ ಭಟರು ಮಡಿದರು. ಆಗ ನಮ್ಮ ಈ ಭಾಗವೂ ಮುಂಬಯಿ ಪ್ರಾಂತದಲ್ಲಿಯೇ ಇದ್ದಿತು. ಆ ಮಡಿದವರಿಗೆ ಮರ್ಯಾದೆ ಸಲ್ಲುವುದು ಯುಕ್ತವೇ. ಆದರೆ ಇಪ್ಪತ್ತು ವರ್ಷ ಹೊಗೆ ಕುಡಿದು, ಐವತ್ತರ ಸುಮಾರಿಗೆ ಏಣಿ ಹತ್ತಲು ಉಸಿರು ಸಾಲದಾದವನ ಗತಿಯೇನು? ಗೋಡೆ ಬಿದ್ದು ಕಾಲು ಮುರಿದರೆ ಅದಕ್ಕೊಂದು ತಾರೀಖು ಇದೆ, ಸಾಕ್ಷಿಗಳಿದ್ದಾರೆ, ಪಂಚನಾಮೆ ಇದೆ. ರೋಗಕ್ಕೆ ತಾರೀಖಿಲ್ಲ. ಯಾವ ಬಣವೆಯ ಹೊಗೆಯಿಂದ ಬಂದಿತೆಂದು ಆತನು ಹೇಳಬೇಕು? ವೈದ್ಯರು ಮೊದಲು ಕೇಳುವುದು ಬೀಡಿ ಸೇದುತ್ತೀಯೋ ಎಂದು.

ಕಾಯಿದೆಯೂ ಇಲ್ಲಿ ವಿಚಿತ್ರವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 20ನೆಯ ಕಲಮಿನಂತೆ, ಸೇವೆಯಲ್ಲಿರುವಾಗ ಅಂಗವೈಕಲ್ಯ ಹೊಂದಿದ ಸರಕಾರಿ ನೌಕರನನ್ನು ಕೆಲಸದಿಂದ ತೆಗೆಯಲಾಗದು; ಸಂಬಳ ಕಡಿಮೆ ಮಾಡದೆ ಬೇರೆ ಹುದ್ದೆ ಕೊಡಬೇಕು, ಹುದ್ದೆಯಿಲ್ಲದಿದ್ದರೆ ಹೆಚ್ಚಿನದೊಂದನ್ನು ನಿರ್ಮಿಸಬೇಕು. ಒಳ್ಳೆಯ ಕಲಮೇ. ಆದರೆ ಆ ಅಧಿನಿಯಮದ 21 ವೈಕಲ್ಯಗಳ ಪಟ್ಟಿಯಲ್ಲಿ ಶ್ವಾಸಕೋಶದ ವ್ಯಾಧಿಯಿಲ್ಲ, ಅರ್ಬುದವೂ ಇಲ್ಲ. ಕಾಲು ಕಳೆದುಕೊಂಡವನು ಪಟ್ಟಿಯಲ್ಲಿದ್ದಾನೆ. ಉಸಿರು ಕಳೆದುಕೊಂಡವನು ಹೊರಗಿದ್ದಾನೆ!

ರೋಗವು ವೃತ್ತಿಯಿಂದಲೇ ಬಂದಿತೆಂದು ಮೊದಲೇ ಭಾವಿಸಿಕೊಳ್ಳುವುದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಪರಕೀಯರ ಆಳಿಕೆಯಲ್ಲಿ 1923ರಲ್ಲಿ ಆದ ಕೆಲಸಗಾರರ ಪರಿಹಾರ ಕಾಯಿದೆಯೇ ಕೆಲವು ವೃತ್ತಿಗಳಿಗೆ ಕೆಲವು ರೋಗಗಳನ್ನು ಗೊತ್ತುಮಾಡಿ, ಅವನ್ನು ಅಪಘಾತದಂತೆ ಎಣಿಸಿತು. ಇಳಕಲ್ಲಿನ ಕೆಂಪು ಗ್ರಾನೈಟ್ ಕಡಿಯುವವನಿಗೆ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗವು ಮುಂದೆ ಆ ಪಟ್ಟಿಯಲ್ಲಿ ಸೇರಿತು; 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅಂತಹ ಪಟ್ಟಿಯಿದೆ. (ಕಲ್ಲುಕುಟಿಗನ ಕೈಗೆ ಆ ಹಣ ಎಷ್ಟರಮಟ್ಟಿಗೆ ಮುಟ್ಟುತ್ತದೆಂಬುದು ಬೇರೆ ಮಾತು, ಅದನ್ನು ಇನ್ನೊಮ್ಮೆ ಬರೆಯುವೆವು.) ಧೂಳನ್ನು ಒಪ್ಪಿದ ಕಾಯಿದೆಯು ಹೊಗೆಯನ್ನೇಕೆ ಒಪ್ಪಬಾರದು? ಕೆನಡಾದ ಮ್ಯಾನಿಟೋಬಾ ಪ್ರಾಂತವು 2002ರಲ್ಲಿ, ಆಸ್ಟ್ರೇಲಿಯವು 2011ರಲ್ಲಿ, ಇಂತಿಷ್ಟು ವರ್ಷ ಬೆಂಕಿಯ ಮುಂದೆ ದುಡಿದವನಿಗೆ ಗೊತ್ತುಪಡಿಸಿದ ಅರ್ಬುದಗಳು ಬಂದರೆ ಅವು ವೃತ್ತಿಜನ್ಯವೆಂದೇ ಭಾವಿಸತಕ್ಕದ್ದೆಂದು ವಿಧಿಸಿದವು. ಅಲ್ಲವೆಂದು ತೋರಿಸುವ ಭಾರವು ಎದುರು ಪಕ್ಷದ ಮೇಲೆ.

ಕೆಮ್ಮಿದವರೆಲ್ಲ ಅರ್ಜಿ ಹಾಕುವರೆಂದು ಖಜಾನೆಯವರು ಹೇಳಬಹುದು. ಭರ್ತಿಯಾಗುವಾಗ ಎದೆಯ ಪರೀಕ್ಷೆ ಮಾಡಿ ಕಾಗದವಿಟ್ಟುಕೊಂಡು, ವರ್ಷಕ್ಕೊಮ್ಮೆ ಉಸಿರಿನ ಬಲವನ್ನು ಅಳೆದರೆ, ಸುಳ್ಳು ಅರ್ಜಿಯು ತಾನಾಗಿಯೇ ಬಯಲಾಗುತ್ತದೆ. ಕೇಂದ್ರ ಸರಕಾರವು ಅಸಾಧಾರಣ ನಿವೃತ್ತಿವೇತನದ ಬಗ್ಗೆ 2000ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಅಪಾಯಕರ ವಾತಾವರಣದಲ್ಲಿ ಬಹುಕಾಲ ದುಡಿದುದರಿಂದ ಬಂದ ರೋಗವನ್ನೂ ಸೇವೆಯ ಫಲವೆಂದು ಎಣಿಸಿದೆ. ಹೊಸ ಪಿಂಚಣಿ ಪದ್ಧತಿಯ ತನ್ನ ನೌಕರನು ಅಶಕ್ತನಾಗಿ ಸೇವೆ ಬಿಡಬೇಕಾದರೆ ಹಳೆಯ ಪದ್ಧತಿಯ ಲಾಭವನ್ನು ಆಯ್ದುಕೊಳ್ಳಬಹುದೆಂದು 2021ರ ನಿಯಮಗಳಲ್ಲಿ ಹೇಳಿದೆ. ನಮ್ಮ ರಾಜ್ಯದಲ್ಲಿ 2006ರ ಎಪ್ರಿಲ್ 1ರಿಂದ ಸೇರಿದವರಲ್ಲಿ ಬಹುಮಂದಿ ಹೊಸ ಪದ್ಧತಿಗೆ ಒಳಪಟ್ಟವರು. ಅಂದು ಸೇರಿದ ತರುಣರಿಗೆ ಈಗ ನಲವತ್ತು ದಾಟಿದೆ. ಹೊಗೆಯ ಲೆಕ್ಕ ಕೇಳುವ ವಯಸ್ಸು ಹತ್ತಿರವಾಗಿದೆ. ಅಗ್ನಿಶಾಮಕ ದಳಕ್ಕಾಗಿ ರೋಗಗಳ ಪಟ್ಟಿಯೊಂದನ್ನು ಸರಕಾರವು ನಿಯಮದಲ್ಲಿಯೇ ಸೇರಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.

ಅಷ್ಟರವರೆಗೆ ಜಿಲ್ಲೆಯ ಅಧಿಕಾರಿಗಳು ತಾವಾಗಿಯೇ ಮಾಡಬಹುದಾದುದೊಂದಿದೆ. ಬೆಂಕಿಯ ಕರೆ ಬಂದ ವೇಳೆ, ಬಂಡಿ ಹೊರಟ ವೇಳೆ, ಇವನ್ನು ಠಾಣೆಯಲ್ಲಿ ಬರೆದಿಡುತ್ತಾರೆ. ಯಾವ ಭಟನು ಎಷ್ಟು ಗಂಟೆ ಹೊಗೆಯಲ್ಲಿ ನಿಂತನು, ಸುಟ್ಟುದು ಕಣಿಕೆಯೋ ಪ್ಲಾಸ್ಟಿಕ್ಕೋ, ಸಿಲಿಂಡರು ಇದ್ದಿತೋ ಇಲ್ಲವೋ ಎಂಬುದನ್ನೂ ಅದೇ ದಿನ, ಅವನ ಹೆಸರಿನ ಮುಂದೆ ಬರೆದು ರುಜು ಹಾಕಲಿ. ಹದಿನೈದು ವರ್ಷಗಳ ತರುವಾಯ ವೈದ್ಯ ಮಂಡಲಿಯ ಮುಂದೆ ಆತನಿಗೆ ತೋರಿಸಲು ಆ ಪುಸ್ತಕವಾದರೂ ಇರುತ್ತದೆ.