ನಾಯಿಮರಿಯೂ ರಾತ್ರಿಯ ನಿದ್ರೆಯೂ

ಮನೆಗೆ ಹೊಸದಾಗಿ ನಾಯಿಮರಿಯೊಂದು ಬಂದ ದಿನ ಮನೆಯವರೆಲ್ಲರಿಗೂ ಸಂಭ್ರಮ. ಆದರೆ ಆ ಸಂಭ್ರಮವು ಸಾಮಾನ್ಯವಾಗಿ ರಾತ್ರಿ ಎರಡು ಗಂಟೆಯವರೆಗೆ ಮಾತ್ರ ಉಳಿಯುವಂಥದು. ಆ ವೇಳೆಗೆ ಮರಿಯು ಕುಂಯ್‌ಗುಟ್ಟಲು ತೊಡಗುತ್ತದೆ. ದೀಪ ಹಾಕಿ ನೋಡಿದರೆ ಅದರ ಹಾಸು ಒದ್ದೆಯಾಗಿರುತ್ತದೆ. ಹಳ್ಳಿಯ ಮನೆಗಳಲ್ಲಿ ಈ ತೊಡಕು ಏಳುವುದೇ ಇಲ್ಲವೆನ್ನಬಹುದು. ಅಲ್ಲಿ ನಾಯಿಯು ಜಗಲಿಯ ಮೂಲೆಯಲ್ಲೋ ಹಿತ್ತಿಲ ಬೂದಿಗುಡ್ಡೆಯ ಮೇಲೋ ಮಲಗಿದ್ದು, ಬೇಕೆನಿಸಿದಾಗ ಎದ್ದು ಹತ್ತು ಹೆಜ್ಜೆ ಆಚೆ ಹೋಗಿ ಬರುತ್ತದೆ. ಅದಕ್ಕೆ ಇದನ್ನು ಯಾರೂ ಕಲಿಸಿದವರಿಲ್ಲ. ಬೆಂಗಳೂರಿನಂತಹ ನಗರದಲ್ಲಿ ಮೂರನೆಯ ಅಂತಸ್ತಿನ ಮನೆಯಲ್ಲಿ ಬೆಳೆಯುವ ಮರಿಗಾದರೋ ಆ ಹತ್ತು ಹೆಜ್ಜೆಗಳ ನಡುವೆ ಅಗುಳಿ ಹಾಕಿದ ಬಾಗಿಲೂ ನಾಲ್ಕಾರು ಮೆಟ್ಟಿಲ ಸಾಲುಗಳೂ ಅಡ್ಡ ಬಂದಿವೆ.

ಇಂತಹ ಮನೆಗಳಲ್ಲಿ ಮರಿಯನ್ನು ರಾತ್ರಿಯ ಹೊತ್ತು ‘ಕ್ರೇಟ್’ ಎಂಬ ಗೂಡುಪೆಟ್ಟಿಗೆಯಲ್ಲಿ ಮಲಗಿಸುವ ವಾಡಿಕೆಯು ಈಗ ಬಳಕೆಗೆ ಬಂದಿದೆ. ತಂತಿಯಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ, ಗಾಳಿಯಾಡುವ, ಬಾಗಿಲುಳ್ಳ ಪೆಟ್ಟಿಗೆ ಅದು. ಅದರೊಳಗೆ ಮಲಗಿಸಿ ಬಾಗಿಲು ಹಾಕಿದರೆ ಮರಿಯು ರಾತ್ರಿಯೆಲ್ಲ ತಡೆದುಕೊಳ್ಳುವುದನ್ನು ತಾನಾಗಿಯೇ ಕಲಿಯುವುದೆಂದು ಅನೇಕರು ನಂಬಿದ್ದಾರೆ. ಹೀಗೆ ನಂಬಿ, ಬೆಳಗ್ಗೆ ಕೊಳೆಯಾದ ಪೆಟ್ಟಿಗೆಯನ್ನು ಕಂಡು, ಮರಿಯು ಮೊಂಡನೆಂದು ತೀರ್ಮಾನಿಸಿ ಅದನ್ನು ಹೊಡೆಯುವವರುಂಟು. ಬಂದ ತಿಂಗಳಲ್ಲೇ ಬೇರೆಯವರಿಗೆ ಕೊಟ್ಟುಬಿಡುವವರೂ ಉಂಟು. ಪೆಟ್ಟಿಗೆಯು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಅರಿಯಬೇಕಾದರೆ ಮರಿಯ ದೇಹವು ಹೇಗೆ ಬೆಳೆಯುತ್ತದೆಂಬುದನ್ನು ಮೊದಲು ನೋಡಬೇಕು.

ಹುಟ್ಟಿದ ಮರಿಗೆ ಕಣ್ಣು ತೆರೆದಿರುವುದಿಲ್ಲ, ಕಿವಿಯೂ ತೆರೆದಿರುವುದಿಲ್ಲ. ಇದು ನಮಗೆಲ್ಲ ತಿಳಿದದ್ದೇ. ಆದರೆ ಅದು ತಾನಾಗಿ ಮೂತ್ರ ವಿಸರ್ಜಿಸಲೂ ಅರಿಯದೆಂಬುದು ಹಲವರಿಗೆ ತಿಳಿಯದು. ತಾಯಿಯು ಮರಿಯ ಹಿಂಭಾಗವನ್ನು ನಾಲಗೆಯಿಂದ ನೆಕ್ಕಿದಾಗ ಮಾತ್ರ ಅದರ ಮೂತ್ರಕೋಶವು ಸಂಕುಚಿತವಾಗಿ ಬರಿದಾಗುತ್ತದೆ. ನೆಕ್ಕಿದ ಸ್ಪರ್ಶವು ನರಗಳ ಮೂಲಕ ಬೆನ್ನುಹುರಿಯನ್ನು ಸೇರಿ, ಅಲ್ಲಿಂದಲೇ ಅಪ್ಪಣೆಯು ಮೂತ್ರಕೋಶಕ್ಕೆ ಹಿಂದಿರುಗುತ್ತದೆ. ಮಿದುಳಿಗೆ ಇದರಲ್ಲಿ ಪಾತ್ರವೇ ಇಲ್ಲ. ಹೊರಬಂದುದನ್ನೆಲ್ಲ ತಾಯಿಯೇ ನೆಕ್ಕಿ ನುಂಗಿಬಿಡುವುದರಿಂದ ಗೂಡು ಒಣಗಿ ಶುಚಿಯಾಗಿ ಉಳಿಯುತ್ತದೆ. ತಾಯಿಯಿಲ್ಲದ ಎಳೆಮರಿಯನ್ನು ಸಾಕುವವರು ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಅದರ ಹಿಂಭಾಗವನ್ನು ಒರೆಸದಿದ್ದರೆ, ಹಾಲು ಎಷ್ಟು ಕುಡಿಸಿದರೂ ಅದು ಬದುಕುವುದು ಕಷ್ಟ.

ಸುಮಾರು ಮೂರು ವಾರಗಳಾಗುವ ಹೊತ್ತಿಗೆ ಈ ಏರ್ಪಾಡು ಬದಲಾಗತೊಡಗುತ್ತದೆ. ಮರಿಯ ಕಾಲಿಗೆ ಬಲ ಬಂದು, ಅದು ತೊಡರುತ್ತ ತೊಡರುತ್ತ ಗೂಡಿನ ಅಂಚಿಗೆ ಹೋಗಿ ಅಲ್ಲಿ ಮಲಮೂತ್ರಗಳನ್ನು ವಿಸರ್ಜಿಸುತ್ತದೆ. ಅಮೆರಿಕದ ಮೇಯ್ನ್ ಸಂಸ್ಥಾನದ ಬಾರ್ ಹಾರ್ಬರಿನಲ್ಲಿರುವ ಜಾಕ್ಸನ್ ಪ್ರಯೋಗಶಾಲೆಯಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ಐದು ತಳಿಗಳ ನಾಯಿಗಳನ್ನು ವರ್ಷಗಟ್ಟಲೆ ಸಾಕಿ, ಮರಿಗಳ ನಡವಳಿಕೆಯನ್ನು ದಿನದಿನವೂ ಗಮನಿಸಿ, ೧೯೬೫ರಲ್ಲಿ ಅದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಎಂಟು ವಾರಗಳನ್ನು ದಾಟುವ ಸುಮಾರಿಗೆ ಮರಿಗಳು ಮಲಗುವೆಡೆಯಿಂದ ದೂರದಲ್ಲಿ ಗೊತ್ತಾದ ಒಂದು ಜಾಗವನ್ನು ಆರಿಸಿಕೊಳ್ಳುವುವೆಂಬುದನ್ನು ಅವರು ಕಂಡರು. ನಾವು ಸಾಮಾನ್ಯವಾಗಿ ಮರಿಯನ್ನು ಮನೆಗೆ ತರುವುದೂ ಇದೇ ವಯಸ್ಸಿನಲ್ಲಿ. ಗೂಡನ್ನು ಹೊಲಸು ಮಾಡಬಾರದೆಂಬ ಈ ಹುಟ್ಟುಬುದ್ಧಿಯೇ ಕ್ರೇಟಿನ ಬಂಡವಾಳ, ಬೇರೆ ಬಂಡವಾಳವಿಲ್ಲ.

ಆದರೆ ಮಾಡಬಾರದೆಂಬ ಇಚ್ಛೆಯೊಂದೇ ಸಾಲದು, ತಡೆಯುವ ಶಕ್ತಿಯೂ ಬೇಕಷ್ಟೆ. ಮೂತ್ರಕೋಶವು ಸ್ನಾಯುವಿನಿಂದಾದ ಒಂದು ಚೀಲ. ಅದು ತುಂಬುತ್ತ ಬಂದಂತೆ ಅದರ ಗೋಡೆಯು ಹಿಗ್ಗುತ್ತದೆ. ಹಿಗ್ಗಿದ ಸುದ್ದಿಯನ್ನು ನರಗಳು ಬೆನ್ನುಹುರಿಯ ದಾರಿಯಾಗಿ ಮಿದುಳಿಗೆ ಒಯ್ಯುತ್ತವೆ. ಚೀಲದ ಸ್ನಾಯುವು ಕುಗ್ಗುವುದೂ ಬಾಯಿಯ ಬಿಗಿಯು ಸಡಿಲುವುದೂ ಏಕಕಾಲದಲ್ಲಿ ನಡೆಯುವಂತೆ ನೋಡಿಕೊಳ್ಳುವ ಕೇಂದ್ರವೊಂದು ಮಿದುಳಿನ ಕಾಂಡದಲ್ಲಿ ಉಂಟೆಂದು ಲಂಡನ್ನಿನ ಬ್ಯಾರಿಂಗ್ಟನ್ ಎಂಬಾತನು ೧೯೨೫ರಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ತೋರಿಸಿದನು. ಆ ಕೇಂದ್ರಕ್ಕೆ ‘ಈಗ ಬೇಡ, ತಾಳು’ ಎಂದು ಹೇಳುವುದು ಮುಂಮಿದುಳಿನ ಕೆಲಸ. ಎರಡು ತಿಂಗಳ ಮರಿಯಲ್ಲಿ ಈ ಮೇಲಿನ ಹತೋಟಿಯು ಇನ್ನೂ ದುರ್ಬಲವಾಗಿರುತ್ತದೆ. ತುಂಬಿದ ಸುದ್ದಿಯು ನಿದ್ರಿಸುತ್ತಿರುವ ಮರಿಯನ್ನು ಎಬ್ಬಿಸುವುದಕ್ಕೂ ಚೀಲವು ಬರಿದಾಗುವುದಕ್ಕೂ ನಡುವೆ ಕೆಲವೇ ನಿಮಿಷಗಳು, ಎಷ್ಟೋ ಸಲ ಕೆಲವೇ ಕ್ಷಣಗಳು ಇರುತ್ತವೆ.

ಮೂತ್ರಪಿಂಡಗಳ ಸಂಗತಿಯೂ ಇಂಥದೇ. ಬೆಳೆದ ಪ್ರಾಣಿಯು ನೀರಿನ ಅಂಶವನ್ನು ರಕ್ತಕ್ಕೆ ಹಿಂದಕ್ಕೆಳೆದುಕೊಂಡು ಗಟ್ಟಿಯಾದ, ಸ್ವಲ್ಪ ಪ್ರಮಾಣದ ಮೂತ್ರವನ್ನು ಮಾಡಬಲ್ಲದು. ಎಳೆಮರಿಯ ಮೂತ್ರಪಿಂಡಕ್ಕೆ ಈ ಸಾಮರ್ಥ್ಯವು ಪೂರ್ಣವಾಗಿ ಬಂದಿರುವುದಿಲ್ಲವಾಗಿ ಅದರ ಮೂತ್ರವು ತೆಳುವೂ ಹೆಚ್ಚೂ ಆಗಿರುತ್ತದೆ. ಆರೋಗ್ಯವಾಗಿರುವ ದೊಡ್ಡ ನಾಯಿಯು ಒಂದು ಗಂಟೆಗೆ ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು ೧ರಿಂದ ೨ ಮಿಲಿಲೀಟರ್ ಮೂತ್ರವನ್ನು ಉತ್ಪಾದಿಸುತ್ತದೆ. ದೊಡ್ಡ ನಾಯಿಯ ಈ ಲೆಕ್ಕವನ್ನೇ ಹಿಡಿದರೂ ೩ ಕಿಲೋಗ್ರಾಂ ತೂಗುವ ಮರಿಯಲ್ಲಿ ೮ ಗಂಟೆಗಳಲ್ಲಿ ೨೪ರಿಂದ ೪೮ ಮಿಲಿಲೀಟರ್ ಶೇಖರವಾಗಬೇಕು. ಅಂದರೆ ಸಣ್ಣ ಕಾಫಿ ಲೋಟದ ಅರ್ಧದಷ್ಟು. ಅಂಗೈಯಲ್ಲಿ ಹಿಡಿಸುವ ಹೊಟ್ಟೆಯ ಪ್ರಾಣಿಗೆ ಇದು ಕಡಮೆಯ ಹೊರೆಯಲ್ಲ.

ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದನ್ನು ಕೂಡಿಸಿದರೆ ಅಷ್ಟು ಗಂಟೆಗಳ ಕಾಲ ಅದು ತಾಳಬಲ್ಲದೆಂದು ನಾಯಿ ಪಳಗಿಸುವವರು ಒಂದು ಲೆಕ್ಕ ಹೇಳುತ್ತಾರೆ. ಎರಡು ತಿಂಗಳಿಗೆ ಮೂರು ಗಂಟೆ, ಮೂರು ತಿಂಗಳಿಗೆ ನಾಲ್ಕು ಗಂಟೆ. ಇದು ಅನುಭವದ ಅಂದಾಜೇ ಹೊರತು ಶಾಸ್ತ್ರದ ನಿಯಮವಲ್ಲ. ನಿದ್ರೆಯಲ್ಲಿ ಓಡಾಟವಿಲ್ಲ, ತಿನ್ನುವುದು ಕುಡಿಯುವುದಿಲ್ಲವಾದ್ದರಿಂದ ರಾತ್ರಿಯಲ್ಲಿ ಇದಕ್ಕಿಂತ ತುಸು ಹೆಚ್ಚು ಹೊತ್ತು ತಾಳುವ ಮರಿಗಳುಂಟು. ಸಣ್ಣ ತಳಿಯ ಮರಿಗಳಿಗೆ ಹೆಚ್ಚು ತಿಂಗಳುಗಳೇ ಬೇಕಾಗುತ್ತವೆ. ನಾಲ್ಕು ತಿಂಗಳ ಸುಮಾರಿಗೆ ಬಹುಪಾಲು ಮರಿಗಳು ಆರೇಳು ಗಂಟೆ ನಿದ್ರಿಸಬಲ್ಲವು. ಅಲ್ಲಿಯವರೆಗೆ ಮರಿಯಲ್ಲಿಲ್ಲದ ಹತೋಟಿಯನ್ನು ನಾವು ಒದಗಿಸಬೇಕು. ಗಡಿಯಾರವನ್ನಿಟ್ಟುಕೊಂಡು ನಾವೇ ಏಳಬೇಕು.

ಇನ್ನು ಪೆಟ್ಟಿಗೆಯ ವಿಚಾರ. ನಮ್ಮ ಮನೆಗೆ ಎಂಟು ವಾರದ ಮರಿಯೊಂದು ಬಂದಾಗ, ಅದು ಮುಂದೆ ದೊಡ್ಡದಾಗುವುದೆಂಬ ದೂರಾಲೋಚನೆಯಿಂದ ನಾವು ದೊಡ್ಡ ಕ್ರೇಟನ್ನೇ ಕೊಂಡು ತಂದೆವು. ಮರಿಯು ಅದರ ಒಂದು ಮೂಲೆಯಲ್ಲಿ ಸುಖವಾಗಿ ಮಲಗಿ, ಇನ್ನೊಂದು ಮೂಲೆಯನ್ನು ಶೌಚಕ್ಕೆ ಇಟ್ಟುಕೊಂಡಿತು. ಅದರ ದೃಷ್ಟಿಯಿಂದ ಅದು ಗೂಡನ್ನು ಕೆಡಿಸಿರಲೇ ಇಲ್ಲ! ನಡುವೆ ಒಂದು ಹಲಗೆಯನ್ನು ಅಡ್ಡ ನಿಲ್ಲಿಸಿ, ಮರಿಯು ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಬೇಕಾದಷ್ಟು ಜಾಗವನ್ನು ಮಾತ್ರ ಬಿಟ್ಟ ಮೇಲೆ ಸ್ಥಿತಿಯು ಸುಧಾರಿಸಿತು. ಮರಿಯು ಬೆಳೆದಂತೆ ಹಲಗೆಯನ್ನು ಹಿಂದಕ್ಕೆ ಸರಿಸುತ್ತ ಹೋದೆವು. ಇದಕ್ಕಿಂತ ಕಿರಿದು ಮಾಡುವುದು ಹಿಂಸೆ. ಅಲುಗಾಡಲು ತಕ್ಕಷ್ಟು ಎಡೆಯಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಕೂಡಿಡುವುದು ನಮ್ಮ ದೇಶದಲ್ಲಿ ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧವೂ ಹೌದು. ನಮ್ಮ ಬೇಸಿಗೆಯಲ್ಲಿ ಇನ್ನೊಂದು ಎಚ್ಚರ ಬೇಕು: ನಾಯಿಯು ಮುಖ್ಯವಾಗಿ ನಾಲಗೆ ಚಾಚಿ ತೇಕುವುದರಿಂದಲೇ ಮೈಯ ಶಾಖವನ್ನು ಕಳೆಯಬೇಕಾದುದರಿಂದ ಪೆಟ್ಟಿಗೆಯ ಸುತ್ತ ದಪ್ಪ ಬಟ್ಟೆ ಹೊದಿಸಿ ಗಾಳಿಯನ್ನು ತಡೆಯಕೂಡದು.

ಗೂಡಿನ ಶುಚಿಬುದ್ಧಿಯು ಗಟ್ಟಿಯಾದುದೇನೂ ಅಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಅದು ಕೆಡಬಲ್ಲದು. ಹುಟ್ಟಿದಂದಿನಿಂದ ಇಕ್ಕಟ್ಟಾದ ಕೊಳಕು ಪಂಜರದಲ್ಲಿ, ತನ್ನ ಹೊಲಸಿನಲ್ಲೇ ಮಲಗಬೇಕಾಗಿ ಬಂದ ಮಾರಾಟದ ಮರಿಗಳಲ್ಲಿ ಈ ಬುದ್ಧಿಯು ಮೊಂಡಾಗಿರುತ್ತದೆ. ಅಂಥವನ್ನು ತಿದ್ದುವುದು ಬಹಳ ಕಷ್ಟ. ಒಳ್ಳೆಯ ಕಡೆಯಿಂದ ಬಂದ ಮರಿಯನ್ನೂ ಅದರ ಶಕ್ತಿಗೆ ಮೀರಿ ರಾತ್ರಿಯೆಲ್ಲ ಕೂಡಿಟ್ಟು, ಅದು ಮತ್ತೆ ಮತ್ತೆ ಒದ್ದೆಯಲ್ಲಿ ಮಲಗುವಂತೆ ಮಾಡಿದರೆ ನಾವೇ ನಮ್ಮ ಕೈಯಾರೆ ಆ ಬುದ್ಧಿಯನ್ನು ಅಳಿಸಿದಂತಾಗುತ್ತದೆ. ಯಾವುದರ ಬಲದಿಂದ ಪೆಟ್ಟಿಗೆಯು ಕೆಲಸ ಮಾಡಬೇಕಾಗಿತ್ತೋ ಅದೇ ಹೋದ ಮೇಲೆ ಉಳಿಯುವುದು ಬರಿಯ ಸೆರೆಮನೆ.

ಸಂಜೆಯ ಊಟವನ್ನು ಮಲಗುವುದಕ್ಕೆ ಮೂರು ನಾಲ್ಕು ಗಂಟೆ ಮೊದಲೇ ಮುಗಿಸಬೇಕು. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ತಾನಾಗಿ ಚಲಿಸತೊಡಗುವುದರಿಂದ ಮರಿಯು ಉಂಡ ಸ್ವಲ್ಪ ಹೊತ್ತಿನಲ್ಲೇ ಮಲವಿಸರ್ಜನೆ ಮಾಡುತ್ತದೆ. ಆ ಹೊತ್ತಿಗೆ ಅದನ್ನು ಹೊರಗೆ ಒಯ್ದಿದ್ದರೆ ರಾತ್ರಿಯ ಅರ್ಧ ಚಿಂತೆ ತೀರಿತು. ನೀರಿನ ಬಟ್ಟಲನ್ನು ಮಲಗುವ ಒಂದು ಗಂಟೆ ಮೊದಲು ತೆಗೆಯಬಹುದು. ಸೆಕೆಯ ದಿನಗಳಲ್ಲಿ ಅದೂ ಬೇಡ. ಹಗಲೆಲ್ಲ ನೀರು ಕೊಡದೆ ಒಣಗಿಸುವ ಉಪಾಯವು ಅಪಾಯಕರವಾದುದು. ಮಲಗಿಸುವ ಮುನ್ನ ಕೊನೆಯದಾಗಿ ಒಮ್ಮೆ ಹೊರಗೆ ಒಯ್ದು, ಮರಿಯು ಮೂತ್ರ ವಿಸರ್ಜಿಸುತ್ತಿರುವಾಗ ಒಂದೇ ಮಾತನ್ನು ಮೆಲ್ಲಗೆ ಹೇಳುತ್ತಿದ್ದು, ಮುಗಿದೊಡನೆ ತಿನಿಸು ಕೊಡುವುದು ಒಳ್ಳೆಯದು. ಗಂಟೆಯ ಸದ್ದಿಗೆ ಪಾವ್‌ಲಾವನ ನಾಯಿಗಳ ಬಾಯಲ್ಲಿ ನೀರೂರಿದಂತೆ, ಕೆಲವು ವಾರಗಳಲ್ಲಿ ಆ ಮಾತೇ ಮರಿಗೆ ಸೂಚನೆಯಾಗುತ್ತದೆ.

ಕ್ರೇಟನ್ನು ಎಲ್ಲಿಡಬೇಕು? ನಮ್ಮ ಹಾಸಿಗೆಯ ಪಕ್ಕದಲ್ಲಿ. ಮೊನ್ನೆಯವರೆಗೆ ಒಡಹುಟ್ಟಿದವರ ಮೈಗೆ ಮೈ ತಾಗಿಸಿ ಮಲಗಿದ್ದ ಮರಿಯನ್ನು ಅಡುಗೆಮನೆಯಲ್ಲಿ ಒಂಟಿಯಾಗಿ ಬಿಟ್ಟರೆ ಅದು ಕೂಗುವುದು ಸಹಜ. ಪರಿಚಯವಿಲ್ಲದ ಜಾಗದಲ್ಲಿ ಒಂಟಿಯಾದ ಮರಿಯ ಕೂಗು ಹೆಚ್ಚೆಂಬುದನ್ನು ಬಾರ್ ಹಾರ್ಬರಿನಲ್ಲಿಯೇ ಎಣಿಸಿ ನೋಡಿದ್ದಾರೆ. ಹತ್ತಿರದಲ್ಲಿದ್ದರೆ ಒಂಟಿತನದ ಕೂಗೂ ಅವಸರದ ಕೂಗೂ ಬೇರೆ ಬೇರೆ ಎಂಬುದು ನಮಗೆ ಬೇಗ ತಿಳಿಯುತ್ತದೆ. ಮೊದಲನೆಯದಕ್ಕೆ ತಂತಿಯ ಸಂದಿಯಲ್ಲಿ ಬೆರಳು ತೂರಿಸಿದರೆ ಸಾಕು. ಮೊದಮೊದಲ ವಾರಗಳಲ್ಲಿ ಕೂಗಿಗೆ ಕಾಯದೆ, ಮೂರು ಗಂಟೆಗಳಾಗುತ್ತಲೇ ಎದ್ದು ಮರಿಯನ್ನು ಎತ್ತಿಕೊಂಡೇ ಹೊರಗೆ ಒಯ್ಯಬೇಕು. ನಡೆಯಬಿಟ್ಟರೆ ಬಾಗಿಲ ಬಳಿಯೇ ಕೆಲಸ ಮುಗಿದಿರುತ್ತದೆ. ದೊಡ್ಡ ದೀಪ, ಆಟ, ಮಾತು ಯಾವುದೂ ಇರಬಾರದು. ಇಲ್ಲವಾದರೆ ನಡುರಾತ್ರಿಯು ಆಟದ ಹೊತ್ತೆಂದು ಮರಿಯು ತಿಳಿದೀತು.

ಹೊರಗೆ ಎಂದರೆ ಬೀದಿಯಲ್ಲ. ಮರಿಗಳನ್ನು ಕೊಲ್ಲುವ ಪಾರ್ವೊ ವೈರಸ್ಸು ೧೯೭೮ರ ಸುಮಾರಿಗೆ ಲೋಕದಲ್ಲೆಲ್ಲ ಹಬ್ಬಿತು. ಅದು ರೋಗಿ ನಾಯಿಯ ಮಲದಿಂದ ಹರಡಿ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಆರರಿಂದ ಎಂಟು ವಾರಕ್ಕೆ ಆರಂಭವಾಗುವ ಚುಚ್ಚುಮದ್ದಿನ ಸರಣಿಯು ನಾಲ್ಕು ತಿಂಗಳ ಹೊತ್ತಿಗೆ ಮುಗಿಯುವವರೆಗೆ ಬೇರೆ ನಾಯಿಗಳು ತಿರುಗದ ಮನೆಯಂಗಳ, ತಾರಸಿ ಅಥವಾ ಬಾಲ್ಕನಿಯಲ್ಲಿಟ್ಟ ಹುಲ್ಲುತಟ್ಟೆಯೇ ಲೇಸು.

ಇಷ್ಟೆಲ್ಲ ಮಾಡಿಯೂ ಕೆಲವು ರಾತ್ರಿ ಕೆಡುತ್ತದೆ. ಬೆಳಗ್ಗೆ ಮರಿಯ ಮೂತಿಯನ್ನು ಒದ್ದೆಗೆ ಉಜ್ಜುವ ಹಳೆಯ ಪದ್ಧತಿಯಿಂದ ಏನೂ ಪ್ರಯೋಜನವಿಲ್ಲ. ಗಂಟೆಗಳ ಹಿಂದೆ ನಡೆದುದಕ್ಕೂ ಈಗಿನ ಪೆಟ್ಟಿಗೂ ಮರಿಯು ಸಂಬಂಧ ಕಲ್ಪಿಸಲಾರದು. ಅದರ ಮುಖದಲ್ಲಿ ತಪ್ಪಿನ ಅರಿವು ಕಾಣುವುದಲ್ಲ ಎನ್ನುವವರುಂಟು. ನ್ಯೂಯಾರ್ಕಿನ ಅಲೆಕ್ಸಾಂಡ್ರ ಹೊರೊವಿಟ್ಜ್ ಅವರು ೨೦೦೯ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಪ್ಪು ಮಾಡದ ನಾಯಿಯೂ ಯಜಮಾನ ಗದರಿಸಿದಾಗ ಅದೇ ಮುಖವನ್ನು ತೋರಿಸಿತು. ಆ ಮುಖವು ತಪ್ಪಿನದಲ್ಲ, ಭಯದ್ದು. ಹೊಡೆತ ತಿಂದ ಮರಿಯು ಕಲಿಯುವುದು ಒಂದನ್ನೇ: ಮನುಷ್ಯನ ಎದುರಿಗೆ ಮೂತ್ರ ವಿಸರ್ಜಿಸಬಾರದು. ಆಮೇಲೆ ಹೊರಗೆ ಒಯ್ದು ಅರ್ಧ ಗಂಟೆ ನಿಂತರೂ ಅದು ಸುಮ್ಮನಿದ್ದು, ಒಳಗೆ ಬಂದು ಮಂಚದ ಹಿಂದೆ ಹೋಗುತ್ತದೆ.

ಒದ್ದೆಯಾದ ಹಾಸನ್ನು ಮಾತ್ರ ಚೆನ್ನಾಗಿ ಒಗೆಯಬೇಕು. ಮೂತ್ರದಲ್ಲಿರುವ ಯೂರಿಯವನ್ನು ಬ್ಯಾಕ್ಟೀರಿಯಗಳು ಒಡೆದಾಗ ಅಮೋನಿಯ ಹುಟ್ಟುತ್ತದೆ. ಅಮೋನಿಯವುಳ್ಳ ದ್ರಾವಣದಿಂದ ಒರೆಸಿದರೆ ಮೂತ್ರದ ಜಾಡನ್ನು ಮತ್ತೆ ಬರೆದಂತೆಯೇ. ಫಿನಾಯಿಲಿನ ಗಂಧವು ನಮ್ಮ ಮೂಗನ್ನು ಮರುಳುಗೊಳಿಸಬಹುದು, ನಾಯಿಯ ಮೂಗನ್ನಲ್ಲ. ಮೂತ್ರದ ಕಲೆಯನ್ನು ಕಿಣ್ವಗಳಿಂದ ಕರಗಿಸುವ ದ್ರಾವಣಗಳು ಅಂಗಡಿಗಳಲ್ಲಿ ದೊರೆಯುತ್ತವೆ.

ಮರಿಯು ಒಂದು ವಾರ ಒಣಗಿದ ಪೆಟ್ಟಿಗೆಯಲ್ಲಿ ಮಲಗಿದರೆ ಎಬ್ಬಿಸುವ ಹೊತ್ತನ್ನು ಕಾಲು ಗಂಟೆ ಮುಂದೂಡಬಹುದು. ಹೀಗೆ ಸ್ವಲ್ಪಸ್ವಲ್ಪವಾಗಿ ನಡುರಾತ್ರಿಯ ಏಳುವಿಕೆಯು ಬೆಳಗಿನ ಜಾವಕ್ಕೆ ಸರಿಯುತ್ತದೆ. ಆದರೆ ಕೆಲವು ವಾರ ಶುಚಿಯಾಗಿದ್ದ ಮರಿಯು ಒಮ್ಮೆಲೇ ಪದೇ ಪದೇ ಮೂತ್ರಕ್ಕೆ ಕುಳಿತರೆ, ತಿಣುಕಿದರೆ, ಮೂತ್ರದಲ್ಲಿ ರಕ್ತ ಕಂಡರೆ ಅದು ಮೂತ್ರಕೋಶದ ಸೋಂಕಾಗಿರಬಹುದು. ಹೆಣ್ಣುಮರಿಯೊಂದು ಹಗಲೂ ರಾತ್ರಿಯೂ, ಮಲಗಿದ್ದಾಗಲೂ ಹನಿಹನಿಯಾಗಿ ಸೋರುತ್ತಿದ್ದರೆ, ಮೂತ್ರನಾಳವು ಹುಟ್ಟಿನಿಂದಲೇ ಮೂತ್ರಕೋಶವನ್ನು ಸೇರದೆ ಅದರಾಚೆ ತೆರೆದಿರುವ ದೋಷವುಂಟೇ ಎಂದು ನೋಡಬೇಕು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಸೈಬೀರಿಯನ್ ಹಸ್ಕಿ ಮೊದಲಾದ ತಳಿಗಳಲ್ಲಿ ಇದು ಕಂಡುಬರುತ್ತದೆ. ಇವೆರಡಕ್ಕೂ ಪೆಟ್ಟಿಗೆಯಲ್ಲಿ ಮದ್ದಿಲ್ಲ, ಪಶುವೈದ್ಯರಲ್ಲಿ ಉಂಟು.