ನೀರಿಲ್ಲದ ಕೆರೆಯ ದಂಡೆಯಲ್ಲಿ

ಅಮೆರಿಕದ ಆರೆಗನ್ ರಾಜ್ಯದಲ್ಲಿ ಫಿಶ್ ಲೇಕ್ ಎಂಬ ವಿಚಿತ್ರ ಕೆರೆಯಿದೆ. ವಸಂತದಲ್ಲಿ ಹಿಮ ಕರಗಿದಾಗ ತುಂಬುತ್ತದೆ. ಬೇಸಿಗೆ ಬಂತೆಂದರೆ ನೀರೆಲ್ಲ ತಳದ ಲಾವಾ ಬಂಡೆಗಳ ಸಂದಿಯಲ್ಲಿ ಇಂಗಿಹೋಗಿ, ಕೆರೆಯಿದ್ದ ಜಾಗ ಹುಲ್ಲುಗಾವಲಾಗುತ್ತದೆ. ನಾವು ಹೋಗಿದ್ದು ಆಗಸ್ಟ್‌ನಲ್ಲಿ. "ಎಂಥ ಕೆರೆ ಮಾರಾಯ, ಕಾಲು ತೊಳೆಯಲೂ ನೀರಿಲ್ಲ!" ಎಂದ ಸಾಗರದ ಗೆಳೆಯ.

ನಾವಿಬ್ಬರೂ ಕೊರ್ವಾಲಿಸ್‌ನಲ್ಲಿ ಎಂ.ಎಸ್. ಮುಗಿಸಿ ಕೆಲಸ ಹುಡುಕುತ್ತಿದ್ದವರು. ಅರ್ಜಿ ಹಾಕಿ ಹಾಕಿ ಸಾಕಾಗಿ, ಒಂದು ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟು ವಿಲಾಮೆಟ್ ರಾಷ್ಟ್ರೀಯ ಅರಣ್ಯದ ದಾರಿ ಹಿಡಿದಿದ್ದೆವು.

ಕೆರೆಯ ಪಕ್ಕದಲ್ಲೇ ಅರಣ್ಯ ಇಲಾಖೆಯ ಹಳೆಯ ಠಾಣೆಯಿದೆ. 19ನೇ ಶತಮಾನದಲ್ಲಿ ಕ್ಯಾಸ್ಕೇಡ್ ಪರ್ವತ ದಾಟುವ ಸ್ಯಾಂಟಿಯಮ್ ಬಂಡಿದಾರಿಯ ಪ್ರಯಾಣಿಕರು ಇಲ್ಲಿ ತಂಗುತ್ತಿದ್ದರು. ಆಮೇಲೆ ಇದು ರೇಂಜರ್‌ಗಳ ನೆಲೆಯಾಯಿತು. ರಸ್ತೆಯಿಲ್ಲದ ಕಾಡಿನೊಳಗೆ ಸಾಮಾನು ಹೊರುವ ಹೇಸರಗತ್ತೆಗಳಿಗೂ ಇದೇ ಠಾಣೆ. ಹೇಸರಗತ್ತೆಗಳ ಕಾಲ ಮುಗಿಯಿತು ಅಂದುಕೊಳ್ಳಬೇಡಿ. 1964ರ ಕಾಯ್ದೆಯ ಪ್ರಕಾರ ಘೋಷಿತ ವನ್ಯಪ್ರದೇಶಗಳಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. ಅಲ್ಲಿ ಇಂದಿಗೂ ಹೇಸರಗತ್ತೆಗೆ ಕೆಲಸವಿದೆ. "ನಮಗಿಂತ ಇವುಗಳೇ ವಾಸಿ" ಎಂದು ಗೆಳೆಯ ನಕ್ಕ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅಲ್ಲಿನ ಮರದ ಮನೆಗಳು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಹುಡುಗರಿಗಾಗಿ ಅಧ್ಯಕ್ಷ ರೂಸ್‌ವೆಲ್ಟ್ 'ಸಿವಿಲಿಯನ್ ಕನ್ಸರ್ವೇಶನ್ ಕೋರ್' ಎಂಬ ಯೋಜನೆ ತಂದರು. 1933ರಿಂದ 1942ರವರೆಗೆ ಸುಮಾರು 30 ಲಕ್ಷ ಜನ ಅದರಲ್ಲಿ ದುಡಿದರು. ಗಿಡ ನೆಟ್ಟರು, ಕಾಡ್ಗಿಚ್ಚು ನಂದಿಸಿದರು, ರಸ್ತೆ ಮಾಡಿದರು, ಇಂಥ ಠಾಣೆಗಳನ್ನು ಕಟ್ಟಿದರು. ಈ ಠಾಣೆಯಲ್ಲೂ ಅವರ ಕೈಕೆಲಸವಿದೆ. ಊಟ, ಬಟ್ಟೆ, ವಸತಿ ಶಿಬಿರದಲ್ಲೇ. ಸಂಬಳ ತಿಂಗಳಿಗೆ 30 ಡಾಲರ್. ಅದರಲ್ಲಿ ಸುಮಾರು 25 ಡಾಲರ್ ಮನೆಗೆ ಹೋಗುತ್ತಿತ್ತು. ಎಷ್ಟೋ ಹುಡುಗರು ಓದು ಬರಹ ಕಲಿತದ್ದೂ ಆ ಶಿಬಿರಗಳಲ್ಲೇ.

ಇದನ್ನು ಹೇಳಿದಾಗ ಗೆಳೆಯ ತಮಾಷೆ ನಿಲ್ಲಿಸಿದ. ಅವನಿಗೆ ತಂಗಿಯ ಕಾಲೇಜು ಫೀಸಿನ ಚಿಂತೆ, ನನಗೆ ಎಜುಕೇಶನ್ ಲೋನಿನ ಕಂತು. ಆ ಹುಡುಗರೂ ಇಲ್ಲಿಗೆ ಬಂದಾಗ ನಿರುದ್ಯೋಗಿಗಳೇ. ಅವರು ಬಡಿದ ಮೊಳೆಗಳು 80ಕ್ಕೂ ಹೆಚ್ಚು ಚಳಿಗಾಲಗಳ ಹಿಮ ತಡೆದುಕೊಂಡು ನಿಂತಿವೆ. ಒಂದು ಮನೆಯ ಬಾಗಿಲ ಚೌಕಟ್ಟನ್ನು ಮುಟ್ಟಿ ನೋಡಿದೆ. ಎಲ್ಲೂ ಅಲುಗಾಡಲಿಲ್ಲ.

ಅಂದು ರಾತ್ರಿ ಊರಿಗೆ ಫೋನ್ ಮಾಡಿದೆ. ಕೆಲಸದ ಸುದ್ದಿ ಹೇಳಲು ಏನೂ ಇರಲಿಲ್ಲ. ಅಪ್ಪನಿಗೆ ಈ ಹುಡುಗರ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಅಪ್ಪಂದಿರೂ ಕಾದಿದ್ದರಲ್ಲ, ನಾವೂ ಕಾಯ್ತೀವಿ. ನೀನು ಮೊದಲು ಊಟ ಮಾಡು" ಎಂದರು.